ಹಲಗೆ ತೆಗೆಯುವ ಸಾಹೇಬರು

ಸವಣೂರು ತಾಲೂಕಿನ ಆ ಹೊಳೆಸಾಲಿನ ಊರಿನಲ್ಲಿ ದಾದಾಪೀರ ಎಂದು ಕೇಳಿದರೆ ಯಾರಿಗೂ ಸಟ್ಟನೆ ಗುರುತು ಹತ್ತುವುದಿಲ್ಲ. ಹಲಗಿ ದಾದ್ಯಾ ಎಂದರೆ ಸಣ್ಣ ಕೂಸುಗಳೂ ಹೊಳೆಯ ಕಡೆ ಕೈ ಮಾಡುತ್ತವೆ. ವರದಾ ಹೊಳೆಗೆ ಅಡ್ಡ ಕಟ್ಟಿದ ಬಾಂದಾರವೇ ಅವನ ಕಚೇರಿ. ಈ ದಂಡೆಯಿಂದ ಆ ದಂಡೆಯವರೆಗೆ ಕಲ್ಲಿನ ಕಂಬಗಳು, ಕಂಬದ ಮೈಯಲ್ಲಿ ಹಲಗೆ ಕೂರುವಷ್ಟು ಸಂದು. ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಆ ಸಂದುಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಎರೆಮಣ್ಣು ತುಂಬಿ ತುಳಿದರೆ ನೀರು ನಿಲ್ಲುತ್ತದೆ. ಬೇಸಿಗೆ ಪೂರ್ತಿ ಮೇಲಿನ ತೋಟಗಳು ಹಸಿರಾಗಿರುತ್ತವೆ. ಮತ್ತೆ ಮಳೆ ಹಿಡಿಯುವ ಮೊದಲು ಹಲಗೆಗಳನ್ನೆಲ್ಲ ಕಿತ್ತು ಹೊಳೆಗೆ ದಾರಿ ಬಿಡಬೇಕು. ಬಿಡದಿದ್ದರೆ ಹೊಳೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಬಾಂದಾರವನ್ನು ಮುಟ್ಟುವುದಿಲ್ಲ, ಬಗಲಿನ ದಂಡೆಯನ್ನು ಕಡಿದುಕೊಂಡು ಹೋಗುತ್ತದೆ.

ಹಲಗೆಯ ಕೆಲಸ ವರ್ಷಕ್ಕೆ ಎರಡು ಸಲ. ಉಳಿದಂತೆ ದಂಡೆಯ ಕೆಲಸ. ದಾದಾಪೀರ ಸಲಿಕೆ ಹೆಗಲಿಗಿಟ್ಟುಕೊಂಡು ಬೆಳಗಾದರೆ ದಂಡೆ ಹತ್ತುತ್ತಿದ್ದ. ಏಡಿ ಕೊರೆದ ತೂತಿಗೆ ಹಸಿಮಣ್ಣು ತುರುಕಿ ಹಿಮ್ಮಡದಿಂದ ಜಡಿಯುವುದು, ದನ ಇಳಿದು ಕೊರಕಲಾದ ಕಡೆ ಜಾಲಿಮುಳ್ಳು ಬಡಿಯುವುದು, ಮಣ್ಣು ಹಿಡಿದುಕೊಳ್ಳಲಿ ಎಂದು ಲಕ್ಕಿ ಗಿಡದ ಟೊಂಗೆ ತಂದು ಊರುವುದು. ಉಸುಕು ಹೊಡೆಯಲು ಬಂದ ಟ್ರ್ಯಾಕ್ಟರಿನ ಮುಂದೆ ಒಮ್ಮೆ ಅಡ್ಡ ಮಲಗಿದ್ದನಂತೆ. ಮಲಗಿದ್ದು ನಿಜ, ಆದರೆ ಡ್ರೈವರ್ ಇಳಿದು ಬಂದು ಬೀಡಿ ಕೊಟ್ಟಾಗ ಎದ್ದು ಕೂತು ಸೇದಿದ್ದೂ ನಿಜ. ಟ್ರ್ಯಾಕ್ಟರ್ ಮಾತ್ರ ಬರಿದಾಗಿಯೇ ಹೋಯಿತು. ನೀರಾವರಿ ಇಲಾಖೆಯ ದಿನಗೂಲಿಯವನಾದರೂ ದಂಡೆಯನ್ನು ಅವನು ಅಪ್ಪನ ಆಸ್ತಿಯಂತೆ ಕಾಯುತ್ತಿದ್ದ.

ಈ ಕೆಲಸಕ್ಕೆ ಅವನನ್ನು ಹಚ್ಚಿದವನು ಆ ದಂಡೆಯ ಗುದ್ಲೆಪ್ಪ. ಬಾಂದಾರದ ಆಚೆ ಬದಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಗುದ್ಲೆಪ್ಪನ ಹೊಲ ಶುರು. ಇಬ್ಬರೂ ಸೊಂಟಮಟ್ಟ ಕೆಸರಿನಲ್ಲಿ ನಿಂತು ಹಲಗೆ ಇಳಿಸಿದವರು. "ಹೊಳಿ ಯಾರಿಗೂ ಬೀಗತಿ ಅಲ್ಲೋ ದಾದ್ಯಾ. ತಡಾ ಆತಂದ್ರ ತಾಳಕೊಳ್ಳಾಂಗಿಲ್ಲ. ಹುಕುಂ ಬರಲಿ, ಬಿಡಲಿ, ನೀರಿನ ಬಣ್ಣ ನೋಡಿ ಹಲಗಿ ತಗಿ" ಎಂದು ಗುದ್ಲೆಪ್ಪ ಹೇಳುತ್ತಿದ್ದ. ಅವನು ತೀರಿಕೊಂಡಾಗ ಹೊಲದ ಅಂಚಿನಲ್ಲೇ, ಹೊಳೆ ಕಾಣುವ ಹಾಗೆ, ಮಣ್ಣು ಮಾಡಿ, ಮೇಲೆ ಸಣ್ಣದೊಂದು ಗದ್ದುಗೆ ಕಟ್ಟಿದರು. ಆ ಗದ್ದುಗೆಗೆ ಮಣ್ಣು ಹೊತ್ತವನೂ ದಾದಾಪೀರನೇ.

ಗುದ್ಲೆಪ್ಪನ ಹೆಂಡತಿ ಹುಚ್ಚವ್ವ. ಹೆಸರು ಹುಚ್ಚವ್ವನಾದರೂ ಊರಿನ ಅರ್ಧ ಬುದ್ಧಿ ಆಕೆಯ ಹತ್ತಿರವೇ ಇತ್ತು. ದಾದಾಪೀರನ ಮಗಳು ಮಹೆಕ ಅಂಬೆಗಾಲಿಕ್ಕಿದ್ದು, ನಡೆಯಲು ಕಲಿತದ್ದು ಆಕೆಯ ಅಂಗಳದಲ್ಲಿ. ಹಲಗೆ ತೆಗೆಯುವ ದಿನ ಎರಡೂ ದಂಡೆಯ ಗಂಡಸರು ಸೇರಿ ಕೆಲಸ ಮಾಡುವುದು, ಕೆಲಸ ಮುಗಿದ ಮೇಲೆ ಹುಚ್ಚವ್ವನ ರೊಟ್ಟಿ ತಿನ್ನುವುದು ಗುದ್ಲೆಪ್ಪನ ಕಾಲದಿಂದ ನಡೆದುಕೊಂಡು ಬಂದ ರೂಢಿ. ಹೊಳೆಯಲ್ಲಿ ಕೈ ತೊಳೆದು ಎಲ್ಲರೂ ಅಂಗೈ ಒಡ್ಡಬೇಕು. ಆಕೆ ಒಬ್ಬೊಬ್ಬರ ಅಂಗೈ ಮೇಲೆ ಜೋಳದ ರೊಟ್ಟಿ ಇಟ್ಟು, ರೊಟ್ಟಿಯ ಮೇಲೆ ಬದನೆಯ ಎಣಗಾಯಿ ಹಾಕುತ್ತಿದ್ದಳು. ಇಲಾಖೆಯ ಸಾಹೇಬರು ಯಾರಾದರೂ ಬಂದಿದ್ದರೆ ಅವರಿಗೆ ಕೂರಲು ಕುರ್ಚಿ, ಉಣ್ಣಲು ತಾಟು. ಹಲಗೆ ಹಿಡಿದವರಿಗೆ ಅಂಗೈಯೇ ತಾಟು. "ದಾದ್ಯಾ, ಮೊದಲ ನೀ ಬಾ" ಎಂದು ಕರೆದು ಮೊದಲ ರೊಟ್ಟಿಯನ್ನು ಅವನಿಗೇ ಕೊಡುತ್ತಿದ್ದಳು.

ಇಷ್ಟೆಲ್ಲ ಇದ್ದ ಮನುಷ್ಯನಿಗೆ ಸಾಹೇಬನಾಗುವ ಹುಚ್ಚು ಹಿಡಿದದ್ದು ಮಗಳ ಮದುವೆಯ ಮಾತುಕತೆಯಲ್ಲಿ.

ಗಂಡಿನ ಕಡೆಯವರು ಸವಣೂರಿನ ವೀಳ್ಯದೆಲೆ ತೋಟದವರು. ಗಂಡಿನ ಅಪ್ಪ ಖಾದರಸಾಬನ ತೋಟವೂ ಹೊಳೆಯ ಮೇಲೆಯೇ, ಬಾಂದಾರಕ್ಕಿಂತ ಸ್ವಲ್ಪ ಮೇಲೆ. ಸವಣೂರಿನ ಎಲೆ ಎಂದರೆ ಬಾಯಲ್ಲಿ ಇಟ್ಟರೆ ಕರಗುವಂಥದ್ದು. ಅದನ್ನು ಬೆಳೆಯುವವರ ಮಾತೂ ಹಾಗೆಯೇ ನಯ. ಸಂಬಂಧ ತಂದ ಮಧ್ಯಸ್ಥ ತನ್ನ ಕೆಲಸ ಹಗುರಾಗಲಿ ಎಂದು, "ಹುಡುಗಿ ಅಪ್ಪ ನೀರಾವರಿ ಇಲಾಖ್ಯಾಗ ಅದಾರ್ರಿ. ಇಡೀ ಬಾಂದಾರ ಅವರ ಕೈಯಾಗೈತಿ" ಎಂದುಬಿಟ್ಟ. ಖಾದರಸಾಬ ಹುಬ್ಬೇರಿಸಿ, "ಹಂಗಾರ ಸಾಹೇಬ್ರು ಅನ್ರಿ" ಎಂದ. ದಾದಾಪೀರ ಬಾಯಿ ತೆರೆದ. ಇಲ್ಲ ಅನ್ನಬೇಕೆಂದೇ ತೆರೆದದ್ದು. ಅಷ್ಟರಲ್ಲಿ ಚಹಾ ಬಂತು, ತೆರೆದ ಬಾಯಿಗೆ ಚಹಾ ಹೋಯಿತು, ಮಾತು ಒಳಗೇ ಉಳಿಯಿತು. ಆಮೇಲೆ ಎಲ್ಲರೂ ಸಾಹೇಬ್ರ, ಸಾಹೇಬ್ರ ಎಂದು ಕರೆಯುತ್ತಿದ್ದಂತೆ ಅವನು ಹಿಗ್ಗಿ ಹೀರೇಕಾಯಿಯಾದ. ಹುಟ್ಟಿದಾಗಿನಿಂದ ದಾದ್ಯಾ ಎನ್ನಿಸಿಕೊಂಡವನಿಗೆ ಅದು ಬೆಲ್ಲದಂತೆ ರುಚಿಸಿತು.

ಮದುವೆಯಾದ ಮೇಲೆ ಸುಳ್ಳಿಗೆ ಇಸ್ತ್ರಿ ಬೇಕಾಯಿತು. ಬೀಗರು ಬರುತ್ತಾರೆಂದರೆ ಸಲಿಕೆ ಬಾಗಿಲ ಹಿಂದೆ, ಬಿಳಿ ಅಂಗಿ ಮೈಮೇಲೆ. ಹೆಂಡತಿ ಗೌಸಬಿ ಇದನ್ನೆಲ್ಲ ನೋಡಿ ನಗುತ್ತಿದ್ದಳು. "ಸಾಹೇಬ್ರ, ಕಾಲಾಗಿನ ಕೆಸರು ತೊಳಕೊಂಡು ಒಳಗ ಬರ್ರಿ. ಇಲ್ಲಾಂದ್ರ ನಿಮ್ಮ ಸಾಹೇಬಗಿರಿ ಕಟ್ಟಿ ಮ್ಯಾಲ ಅಚ್ಚು ಒತ್ತತೈತಿ" ಎನ್ನುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿತ್ತು. ಹೆಂಡತಿ ನಿಜ ಹೇಳಿದಾಗ ಗಂಡಸಿಗೆ ಬರುವ ಸಿಟ್ಟು ಬೇರೆಯದೇ ಜಾತಿಯದು. 

ಹೋದ ವರ್ಷದ ಬೇಸಿಗೆ ಮುಗಿಯುತ್ತ ಬಂದಿತ್ತು. ಮಿರಗದ, ಅಂದರೆ ಮೃಗಶಿರದ, ಮಳೆಗೆ ಇನ್ನೂ ದಿನವಿತ್ತು. ಖಾದರಸಾಬ ಬಾಂದಾರಕ್ಕೆ ಬಂದು, ನಿಂತ ನೀರನ್ನು ಆಸೆಯಿಂದ ನೋಡಿ, "ಸಾಹೇಬ್ರ, ಎಲಿ ಬಳ್ಳಿ ಬಾಡಾಕತ್ತಾವ. ಇನ್ನೊಂದು ಸುತ್ತು ನೀರು ಹಾಯಿಸಿದ್ರ ಮಳಿತನಕಾ ದಾಟತಾವ. ಹಲಗಿ ಒಂದೀಟು ತಡದು ತಗಸಾಕ ಆಕೈತೇನ್ರಿ?" ಎಂದು ಕೇಳಿದ. ಬರೀ ಹಲಗಿ ದಾದ್ಯಾನಾಗಿದ್ದರೆ ಅವನು ಆಕಾಶ ನೋಡಿ, ಹೊಳೆ ನೋಡಿ, ಆಗುವುದಿಲ್ಲ ಎನ್ನುತ್ತಿದ್ದ. ಸಾಹೇಬ ಹೇಗೆ ಆಗುವುದಿಲ್ಲ ಎಂದಾನು? "ಅದಕ್ಕೇನ್ರಿ, ನನ್ನ ಕೈಯಾಗಿನ ಕೆಲಸ" ಎಂದ.

ಮರುದಿನ ಹೊಳೆಯ ಮೇಲ್ಗಡೆಯಿಂದ ಮಾಲತೇಶನ ಫೋನು ಬಂತು. ಮಾಲತೇಶ ಹಾನಗಲ್ ತಾಲೂಕಿನ ಬಾಂದಾರ ಕಾಯುವವನು. ಮೇಲಿನವನು ಕೆಳಗಿನವನಿಗೆ ಸುದ್ದಿ ಮುಟ್ಟಿಸುವುದು ಹೊಳೆ ಕಾಯುವವರ ನೇಮ. "ಏ ಹಲಗಿ ದಾದ್ಯಾ! ಮಲೆನಾಡ ಕಡೆ ರೋಹಿಣಿ ಮಳಿನ ಹಿಡದೈತಿ. ಇಲ್ಲಿ ಹೊಳಿ ಬಣ್ಣ ತಿರಗೈತಿ. ನಾ ಹಲಗಿ ತಗಿಯಾಕತ್ತೇನಿ, ನೀನೂ ತಗಿ" ಎಂದು ಕೂಗಿ ಹೇಳಿದ. ಮಾಲತೇಶನ ದನಿಗೆ ಫೋನು ಬೇಕಿರಲಿಲ್ಲ. ಹಾನಗಲ್ಲಿನಿಂದ ಹಾಗೇ ಕೂಗಿದ್ದರೂ ಕೇಳುತ್ತಿತ್ತು. ದಾದಾಪೀರ ಇಳಿದು ಹೋಗಿ ಅಂಗೈಯಲ್ಲಿ ನೀರು ಎತ್ತಿ ನೋಡಿದ. ತಿಳಿಯಾಗಿತ್ತು. ಇನ್ನೆರಡು ದಿನ ತಡೆದೀತು ಎಂದುಕೊಂಡ. ತಡೆಯುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತು, ಆದರೆ ಕೊಟ್ಟ ಮಾತು ಬೀಗರದ್ದು.

ಆ ಸಂಜೆ ಖಾದರಸಾಬ ಮತ್ತೆ ಬಂದಿದ್ದ. ಇಬ್ಬರೂ ಬಾಂದಾರದ ಮೇಲೆ ನಿಂತು ಮಾತಾಡುತ್ತಿರುವಾಗ ಆ ದಂಡೆಯಿಂದ ಹುಚ್ಚವ್ವ ಕಂಬ ಹಿಡಿದು ಹಿಡಿದು ನಡೆದು ಬಂದಳು. ದೂರದಿಂದಲೇ, "ದಾದ್ಯಾ, ಹಲಗಿ ಯಾವಾಗ ತಗೀತಿ? ಇರವಿ ತತ್ತಿ ಹೊತಗೊಂಡು ಗ್ವಾಡಿ ಏರಾಕತ್ತಾವೋ. ಈ ಸಲ ಹೊಳಿ ಲಗೂನ ಬರ್ತೈತಿ. ನಿಮ್ಮ ಗುದ್ಲೆಪ್ಪ ಇದ್ದಿದ್ರ ಇಷ್ಟೊತ್ತಿಗೆ ಹಲಗಿ ದಂಡಿಗೆ ಒಟ್ಟಿರತಿದ್ದ" ಎಂದಳು.

ದಾದ್ಯಾ ಎಂಬ ಆ ಮಾತು ಬಿಳಿ ಅಂಗಿಯ ಮೇಲೆ ಕೆಸರು ಸಿಡಿದ ಹಾಗಾಯಿತು ಅವನಿಗೆ. ಖಾದರಸಾಬ ಕೇಳಿಸಿಕೊಂಡನೇ ಎಂದು ಓರೆಗಣ್ಣಿನಿಂದ ನೋಡಿದ. ಆಮೇಲೆ, ಎಂದೂ ಏರಿಸದ ದನಿ ಏರಿಸಿ, "ಏ ಮುದುಕಿ, ನಿನ್ನ ಹೊಲಾ ನೀ ನೋಡ್ಕೊ. ಸರ್ಕಾರದ ಕೆಲಸದಾಗ ಮೂಗು ತೂರಸಬ್ಯಾಡ. ಮತ್ತ ನಾಕು ಮಂದಿ ಮುಂದ ದಾದ್ಯಾ ಗೀದ್ಯಾ ಅನಬ್ಯಾಡ. ಸಾಹೇಬ್ರ ಅನ್ನಾಕ ಕಲಿ" ಎಂದ.

ಹುಚ್ಚವ್ವ ಅವನ ಮುಖವನ್ನು ನೋಡಿದಳು. ಬೇರೆ ಯಾರನ್ನೋ ಗುರುತಿಸಲು ನೋಡುವ ಹಾಗೆ ನೋಡಿದಳು. ಸೆರಗು ತಲೆಗೆ ಎಳೆದುಕೊಂಡು, ಬಂದ ಹಾಗೆಯೇ ಕಂಬ ಹಿಡಿದು ಹಿಡಿದು ಹಿಂದಕ್ಕೆ ಹೋದಳು. "ಯಾರ್ರಿ ಆಕಿ?" ಎಂದು ಖಾದರಸಾಬ ಕೇಳಿದ. "ಯಾರೋರಿ, ಆ ದಂಡಿಯಾಕಿ" ಎಂದ ದಾದಾಪೀರ. ಮಗಳನ್ನು ಎತ್ತಿ ಆಡಿಸಿದವಳು ಯಾರೋ ಆಗಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಎರಡೂ ಒಟ್ಟಿಗೆ ಹೋದವು.

ಎರಡನೆಯ ಫೋನು ಬಂದದ್ದು ಮರುದಿನ ಬೆಳಿಗ್ಗೆ. ದಾದಾಪೀರ ಆಗ ಖಾದರಸಾಬನ ಮನೆಯ ಜಮಖಾನೆಯ ಮೇಲೆ ಕೂತಿದ್ದ. ತೋಟಕ್ಕೆ ನೀರು ಸಿಕ್ಕ ಖುಷಿಗೆ ಬೀಗರು ನಾಷ್ಟಾಕ್ಕೆ ಕರೆದಿದ್ದರು. ಪರಾಠಾ, ಖೀಮಾ, ಮೇಲೆ ಶಾವಿಗೆ ಪಾಯಸ. ಮಹೆಕ ತಾನೇ ಬಡಿಸುತ್ತಿದ್ದಳು. ಜೇಬಿನಲ್ಲಿ ಫೋನು ಗುರುಗುಟ್ಟಿತು. ಮಾಲತೇಶನ ಹೆಸರು. ಎತ್ತಿದರೆ ಆ ಕಂಚಿನ ಕಂಠ ಏ ಹಲಗಿ ದಾದ್ಯಾ ಎಂದು ಒದರುತ್ತದೆ. ಸುತ್ತ ಕೂತವರೆಲ್ಲ ಕೇಳುತ್ತಾರೆ. ಗುಂಡಿ ಒತ್ತಿ ಸುಮ್ಮನಾಗಿಸಿದ. ಮತ್ತೆ ಗುರುಗುಟ್ಟಿತು, ಮತ್ತೆ ಒತ್ತಿದ. "ಯಾರ್ರಿ ಸಾಹೇಬ್ರ?" ಎಂದು ಖಾದರಸಾಬ ಕೇಳಿದ್ದಕ್ಕೆ, "ಆಫೀಸಿಂದು, ಇದ್ದದ್ದ" ಎಂದು ಪಾಯಸದ ಬಟ್ಟಲು ಎತ್ತಿಕೊಂಡ. ಆ ಬಟ್ಟಲು ಖಾಲಿಯಾಗುವ ಹೊತ್ತಿನಲ್ಲಿ ಹೊಳೆ ಹಾನಗಲ್ ಸೀಮೆ ದಾಟಿ ಬರುತ್ತಿತ್ತು.

ಅವನು ಬೈಕು ಹೊಡೆದುಕೊಂಡು ಬಂದಾಗ ಕೆಂಪು ನೀರು ಹಲಗೆಗಳ ಮೇಲೆ ಹತ್ತಿ ಹಾರುತ್ತಿತ್ತು. ಎರಡೂ ದಂಡೆಯ ಗಂಡಸರು ಆಗಲೇ ಕೊಕ್ಕೆ, ಸರಪಳಿ ಹಿಡಿದು ಹೆಣಗುತ್ತಿದ್ದರು. ದಾದಾಪೀರ ಬಿಳಿ ಅಂಗಿಯಲ್ಲೇ ನೀರಿಗೆ ಇಳಿದ. ಈಚೆ ಬದಿಯ ನಾಲ್ಕಾರು ಹಲಗೆ ಬಂದವು. ಉಳಿದವು ನೀರಿನ ಒತ್ತಡಕ್ಕೆ ಸಂದಿಯಲ್ಲಿ ಕಚ್ಚಿಕೊಂಡುಬಿಟ್ಟಿದ್ದವು, ಎಳೆದಷ್ಟೂ ಬಿಗಿ. ಎದುರು ದಾರಿ ಸಿಗದ ಹೊಳೆ ಆಚೆ ದಂಡೆಗೆ ಹೊರಳಿತು. ಇಷ್ಟು ವರ್ಷ ಅವನು ತೂತು ಮುಚ್ಚಿ, ಲಕ್ಕಿ ಊರಿ, ಹಿಮ್ಮಡದಿಂದ ತುಳಿದು ತುಳಿದು ಕಾದ ದಂಡೆ ಅವನ ಕಣ್ಣೆದುರೇ ರೊಟ್ಟಿ ಮುರಿದ ಹಾಗೆ ಮುರಿಮುರಿದು ಬಿತ್ತು. ಲಕ್ಕಿ ಗಿಡಗಳು ಬೇರುಸಹಿತ ಹೋದವು. ಹುಚ್ಚವ್ವನ ಹೊಲದ ಅಂಚು ಹೋಯಿತು. ಆಮೇಲೆ ಗುದ್ಲೆಪ್ಪನ ಗದ್ದುಗೆ ಒಂದು ಕಡೆ ವಾಲಿ, ಸ್ವಲ್ಪ ಹೊತ್ತು ಹಾಗೇ ನಿಂತು, ಹೊಳೆಗೆ ಬಿತ್ತು.

ಹುಚ್ಚವ್ವ ಹೊಲದಲ್ಲಿ ನಿಂತಿದ್ದಳು.  ದಾದಾಪೀರ ಕಂಬ ತಬ್ಬಿಕೊಂಡು, "ಅವ್ವಾ, ಹಿಂದಕ್ಕ ಸರಿ, ಹಿಂದಕ್ಕ ಸರಿ" ಎಂದು ಕೂಗಿದ. ಹೊಳೆಯ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ.

ನೀರು ಇಳಿದ ಮೇಲೆ ಇಲಾಖೆಯ ಎಂಜಿನಿಯರ್ ಸಾಹೇಬರು ಬಂದರು. ನಿಜವಾದ ಸಾಹೇಬರು. ದಂಡೆಯ ಮೇಲೆ ಜನ ಸೇರಿತ್ತು. "ಹಲಗೆ ಯಾಕೆ ತೆಗೆದಿರಲಿಲ್ಲ?" ಎಂದು ಅವರು ಕೇಳಿದರು. "ಹುಕುಂ ಬಂದಿರಲಿಲ್ರಿ ಸರ್" ಎಂದ ದಾದಾಪೀರ. ಅದು ನಿಜವೇ, ಹುಕುಂ ಬಂದಿರಲಿಲ್ಲ. ಹುಕುಮಿಗೆ ಅವನು ಜನ್ಮದಲ್ಲಿ ಒಮ್ಮೆಯೂ ಕಾದವನಲ್ಲ ಎಂಬುದೂ ನಿಜ. ಅಲ್ಲಿ ನಿಂತವರಿಗೆಲ್ಲ ಅದು ಗೊತ್ತಿತ್ತು. ಸಾಹೇಬರು ಹುಚ್ಚವ್ವನ ಕಡೆ ತಿರುಗಿ, "ಅಜ್ಜಿ, ನೀರು ಬರುತ್ತೆ ಅಂತ ನೀವು ಯಾರಾದ್ರೂ ಇವನಿಗೆ ಮೊದಲೇ ಹೇಳಿದ್ರಾ?" ಎಂದರು.

ದಾದಾಪೀರನ ಕಣ್ಣು ತನ್ನ ಕಾಲ ಬೆರಳುಗಳ ಮೇಲಿತ್ತು. ಈಗ ಹೇಳುತ್ತಾಳೆ, ಹೇಳಲಿ, ಹೇಳಿಬಿಟ್ಟರೆ ಉಸಿರಾದರೂ ಬರುತ್ತದೆ ಎಂದು ಅನ್ನಿಸುತ್ತಿತ್ತು. ಹೇಳದಿದ್ದರೆ ಸಾಕು ಎಂದೂ ಅನ್ನಿಸುತ್ತಿತ್ತು.

"ನಾ ಏನ್ ಹೇಳ್ಲಿರಿ ಸಾಹೇಬ್ರ" ಎಂದಳು ಹುಚ್ಚವ್ವ. "ಸರ್ಕಾರದ ಕೆಲಸ ನನಗೇನು ತಿಳಿತೈತಿ? ಯಾರೂ ಹೇಳಿಲ್ಲ. ಹೊಳಿ ಬಂತು, ಹೋತು."

ಸಾಹೇಬರು ತಲೆ ಆಡಿಸಿ ಜೀಪು ಹತ್ತಿದರು. ಕಾಗದದಲ್ಲಿ ಅಕಾಲದ ನೀರು ಎಂದಾಯಿತು. ದಾದಾಪೀರನ ಕೆಲಸ ಉಳಿಯಿತು. ನೆಲ ಬಾಯಿ ಬಿಟ್ಟಿದ್ದರೆ ಅವನು ಆಗಲೇ ಇಳಿದುಬಿಡುತ್ತಿದ್ದ. ಆದರೆ ಬಾಯಿ ಬಿಡುವ ಕೆಲಸ ನೆಲದ್ದಾಗಿರಲಿಲ್ಲ, ಅವನದಾಗಿತ್ತು. ಅವನು ಬಿಡಲಿಲ್ಲ.

ಅಂದು ಸಂಜೆ ಅವನು ಆಕೆಯ ಅಂಗಳಕ್ಕೆ ಹೋದ. "ಅವ್ವಾ, ತಪ್ಪಾತು" ಎಂದ. ಆಕೆ ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೈ ನಿಲ್ಲಿಸದೆ, "ನಿಮ್ದೇನ್ ತಪ್ಪು ಬಿಡ್ರಿ ಸಾಹೇಬ್ರ" ಎಂದಳು. ಅಷ್ಟೇ. ಮಹೆಕ ಬಿದ್ದು ಎದ್ದು ನಡೆಯಲು ಕಲಿತ ಆ ಅಂಗಳದಲ್ಲಿ ಹೇಗೆ ನಿಲ್ಲಬೇಕೆಂದು ತಿಳಿಯದೆ ಅವನು ಹಿಂದಿರುಗಿದ. ಮನೆಗೆ ಬಂದರೆ ಗೌಸಬಿ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆ ಆಗಲೇ ಹುಚ್ಚವ್ವನನ್ನು ಕಂಡು ಬಂದಿದ್ದಳು. "ಯಾಕವ್ವಾ ಖರೆ ಹೇಳ್ಲಿಲ್ಲ ಅಂತ ಕೇಳಿದ್ನಿ. ಮಹೆಕ ಹೊಸದಾಗಿ ಹೋದ ಹುಡುಗಿ, ಅಪ್ಪನ ಕೆಲಸ ಹೋತಂದ್ರ ಗಂಡನ ಮನ್ಯಾಗ ತಲಿ ಎತ್ತತಾಳೇನು, ನಮ್ಮ ಅಂಗಳದ ಕೂಸು ಅಂದ್ಲು" ಎಂದು ಹೇಳಿದಳು. ನಗುವ ಹೆಂಗಸು ಅತ್ತರೆ ಮನೆ ಬರಿದಾಗಿ ಕಾಣುತ್ತದೆ. 

ಬಿಳಿ ಅಂಗಿಯನ್ನು ಅವನು ಮತ್ತೆ ತೊಡಲಿಲ್ಲ. ಮಳೆಗಾಲ ಕಳೆದ ಮೇಲೆ ಇಲಾಖೆಯವರು ಕಡಿದ ದಂಡೆಗೆ ಕಲ್ಲು ಸುರಿದು ಹೋದರು. ಕಲ್ಲಿನ ಸಂದಿಗೆ ಎರೆಮಣ್ಣು ತುಂಬಿ, ಲಕ್ಕಿ ಊರಿ ಅದನ್ನು ದಂಡೆ ಮಾಡುವ ಕೆಲಸ ಯಾರೂ ಹೇಳಿರಲಿಲ್ಲ. ಅವನೇ ಮಾಡಿದ. ಹೊಲ ಮರಳಿ ಬರುವುದಿಲ್ಲ, ಗದ್ದುಗೆಯೂ ಬರುವುದಿಲ್ಲ. ಇದ್ದದ್ದಾದರೂ ಉಳಿಯಲಿ ಎಂದು ಬುಟ್ಟಿ ಬುಟ್ಟಿ ಮಣ್ಣು ಹೊತ್ತ. ಹುಚ್ಚವ್ವ ಹೊಲಕ್ಕೆ ಬಂದರೆ, "ಬಂದೀರೇನ್ರಿ ಸಾಹೇಬ್ರ" ಎನ್ನುತ್ತಿದ್ದಳು. ಕೊಂಕು ಇರಲಿಲ್ಲ ದನಿಯಲ್ಲಿ. ಕೊಂಕು ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಒಂದು ದಿನ ತಲೆಯ ಮೇಲೆ ಬುಟ್ಟಿ, ಮೊಳಕಾಲುದ್ದ ಕೆಸರು, ಎದುರಿಗೆ ಖಾದರಸಾಬ. ಓಡಲು ಜಾಗವಿರಲಿಲ್ಲ. ದಾದಾಪೀರ ಬುಟ್ಟಿ ಇಳಿಸಿ, "ಬೀಗರ, ನಾ ಸಾಹೇಬ ಅಲ್ರಿ. ಹಲಗಿ ತಗಿಯಾಂವ, ಕೂಲಿಯಾಂವ. ಸುಳ್ಳ ಹೇಳಿದ್ನಿ" ಎಂದ. 

ಖಾದರಸಾಬ ಎಲೆಯ ರಸವನ್ನು ಅತ್ತ ಉಗುಳಿ ಬಂದು, "ಅದು ಗೊತ್ತಿತ್ತಲ್ರಿ" ಎಂದ. "ನಿಕಾಹಕ್ಕಿಂತ ಮೊದಲ ಗೊತ್ತಿತ್ತು. ಹೆಣ್ಣು ತರೋರು ಊರಾಗ ನಾಕು ಮಂದಿನ್ನ ಕೇಳದ ತರತಾರೇನ್ರಿ? ಹಲಗಿ ದಾದ್ಯಾನ ಮಗಳು, ಬಂಗಾರದಂಥ ಮಂದಿ ಅಂದ್ರು. ತಂದ್ವಿ. ಸಾಹೇಬ್ರ ಅಂದ್ರ ನಿಮಗ ಖುಷಿ ಆಗತಿತ್ತು, ಅದಕ್ಕ ಅಂತಿದ್ವಿ."

"ಮತ್ತ ಆ ದಿನ ಹಲಗಿ ತಡದು ತಗಸ್ರಿ ಅಂದ್ರಲ್ರಿ?"

"ಕೇಳೋದು ಕೇಳಿದ್ನಿ. ಆಗಾಂಗಿಲ್ಲ ಅಂದಿದ್ರ ಟ್ಯಾಂಕರ್ ನೀರು ಹೊಡಸತಿದ್ನಿ. ಆಕೈತಿ ಅಂದವರು ನೀವು."

ಖಾದರಸಾಬ ಹೋದ ಮೇಲೆ ದಾದಾಪೀರ ಬುಟ್ಟಿಯನ್ನು ಮತ್ತೆ ತಲೆಗೆ ಏರಿಸಿದ. ಇಲ್ಲದ ಮಾನ ಕಾಯಲು ಹೋಗಿ ಇದ್ದ ಮಾನ ಹೊಳೆಗೆ ಹಾಕಿದ್ದ. ತನ್ನ ಮಾನವಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಹೋದದ್ದು ಗುದ್ಲೆಪ್ಪ ಮಲಗಿದ್ದ ಜಾಗ.

ಈ ವರ್ಷ ಅವನು ಮಿರಗವಿರಲಿ, ರೋಹಿಣಿಗೂ ಕಾಯಲಿಲ್ಲ. ತೋಟದವರು ಕೇಳಿಕೊಂಡರೂ ಕೇಳಲಿಲ್ಲ. ಮಾಲತೇಶನಿಗೆ ತಾನೇ ಫೋನು ಮಾಡಿ, ನಾನು ತೆಗೆಯುತ್ತಿದ್ದೇನೆ ಎಂದು ಹೇಳಿದ. ಎರಡೂ ದಂಡೆಯ ಗಂಡಸರು ಬಂದರು. ಮೊದಲ ಹಲಗೆಯಿಂದ ಕೊನೆಯ ಹಲಗೆಯವರೆಗೆ ದಾದಾಪೀರ ನೀರಿನಿಂದ ಮೇಲೆ ಬರಲಿಲ್ಲ. ಹಲಗೆಗಳನ್ನು ದಂಡೆಗೆ ಒಟ್ಟಿದರು, ಹೊಳೆ ಹಗುರಾಗಿ ಹರಿಯಿತು.

ರೂಢಿಯಂತೆ ಹುಚ್ಚವ್ವ ಬುಟ್ಟಿ ಹೊತ್ತು ಬಂದಳು. ಬರುತ್ತಾಳೋ ಇಲ್ಲವೋ ಎಂದು ದಾದಾಪೀರ ಬೆಳಗಿನಿಂದ ಆ ದಾರಿಯನ್ನೇ ನೋಡುತ್ತಿದ್ದ. ಎಲ್ಲರೂ ಕೈ ತೊಳೆದು ಸಾಲಾಗಿ ನಿಂತರು. ಮೊದಲ ನೀ ಬಾ ಎಂದು ಆಕೆ ಯಾರನ್ನೂ ಕರೆಯಲಿಲ್ಲ. ದಾದಾಪೀರ ಸಾಲಿನ ಕೊನೆಯಲ್ಲಿ ನಿಂತ. ಆಕೆ ಒಬ್ಬೊಬ್ಬರ ಅಂಗೈ ಮೇಲೆ ರೊಟ್ಟಿ ಇಡುತ್ತ, ಎಣಗಾಯಿ ಹಾಕುತ್ತ, ಮಳೆಯ ಮಾತಾಡುತ್ತ ಬಂದಳು. ಅವನ ಸರದಿ ಬಂತು. ಕೆಸರು ಪೂರ್ತಿ ಹೋಗಿರದ ಎರಡೂ ಅಂಗೈಗಳನ್ನು ಅವನು ಜೋಡಿಸಿ ಮುಂದೆ ಚಾಚಿದ. ಬಾಯಿಂದ ಅವ್ವಾ ಎಂಬುದಷ್ಟೇ ಬಂತು.

ಹುಚ್ಚವ್ವ ಬುಟ್ಟಿಯ ತಳಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ್ದ ಸ್ಟೀಲಿನ ತಾಟು ತೆಗೆದಳು. ಸೆರಗಿನಿಂದ ಒರೆಸಿದಳು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಬೆಣ್ಣೆ ಎಲ್ಲ ಒಪ್ಪವಾಗಿ ಬಡಿಸಿ, ಆ ತಾಟನ್ನು ಅವನ ಚಾಚಿದ ಅಂಗೈಗಳ ಮೇಲೆ ಇಟ್ಟಳು.

"ಸಾಹೇಬ್ರಿಗೆ ಅಂಗೈಯಾಗ ಕೊಟ್ರ ಹೆಂಗ್ರಿ?" ಎಂದಳು. "ಊಟಾ ಮಾಡ್ರಿ."

ಉಳಿದವರು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಮುರಿದು ಮುರಿದು ತಿನ್ನುತ್ತ, ನಗುತ್ತ ಮಾತಾಡುತ್ತಿದ್ದರು. ದಾದಾಪೀರ ತಾಟು ಹಿಡಿದು ನಿಂತೇ ಇದ್ದ. ಅದರಲ್ಲಿ ರೊಟ್ಟಿ ಎಲ್ಲರಿಗಿಂತ ಒಂದು ಹೆಚ್ಚೇ ಇತ್ತು.